ಟಾಂಕಿ ಮೊದಲು, ಎಂಜಿನ್ ಕೊನೆಗೆ

ಹಳೆಯ ಕಾರಿಗೆ ಇಂಜೆಕ್ಷನ್ ಎಂಜಿನ್ ಕೂರಿಸಹೊರಟವರು ತಿಳಿದಿರಬೇಕಾದ ಸಂಗತಿಗಳು

ನಮ್ಮ ಸೀಮೆಯ ಹಳೆಯ ಮನೆಗಳಲ್ಲಿ ಹಟ್ಟಿಯ ಬದಿಯ ಇಳಿಮಾಡಿನಡಿ ಒಂದು ಅಂಬಾಸಿಡರ್ ಕಾರು ನಿಂತಿರುವುದನ್ನು ಇಂದಿಗೂ ಅಲ್ಲಲ್ಲಿ ಕಾಣಬಹುದು. ಮದುವೆಯ ದಿಬ್ಬಣಕ್ಕೆ, ಹೆರಿಗೆಗೆ, ಪರೀಕ್ಷೆಗೆ ಹೋಗುವ ಮಕ್ಕಳಿಗೆ, ಅಡಕೆ ಮೂಟೆಗೆ, ಎಲ್ಲಕ್ಕೂ ಒದಗಿದ ವಾಹನವದು. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಹುಟ್ಟಿದ ಈ ಕಾರಿನ ತಯಾರಿ ಪಶ್ಚಿಮ ಬಂಗಾಳದ ಉತ್ತರಪಾಡದಲ್ಲಿ 2014ರ ಮೇ ತಿಂಗಳಿಗೆ ನಿಂತುಹೋಯಿತು. ಆದರೂ ಅದರ ಮೇಲಿನ ಮೋಹ ನಿಂತಿಲ್ಲ. ಎಂಜಿನ್ ಸವೆದರೆ ಕಾರನ್ನು ಗುಜರಿಗೆ ಹಾಕಲು ಮನಸ್ಸು ಬಾರದೆ, ಹೊಸ ಕಾಲದ ಇಂಜೆಕ್ಷನ್ ಎಂಜಿನ್ ತಂದು ಕೂರಿಸುವವರು ಈಗ ಕಾಣಸಿಗುತ್ತಾರೆ. ಈ ಕೆಲಸದಲ್ಲಿ ಜೀವಕ್ಕೇ ಸಂಬಂಧಿಸಿದ ಒಂದು ಮಾತಿದೆ. ಅದನ್ನು ನಾವು ಕೇಳಿ ತಿಳಿದದ್ದಲ್ಲ, ಕಣ್ಣಾರೆ ಕಂಡು ತಿಳಿದದ್ದು. ಆದ್ದರಿಂದಲೇ ಈ ಲೇಖನ.

ನಮಗೆ ಪರಿಚಿತರಾದ ಒಬ್ಬ ನಿವೃತ್ತ ಕನ್ನಡ ಅಧ್ಯಾಪಕರ ಮನೆಯಲ್ಲಿ 1974ರ ಮಾರ್ಕ್ 2 ಅಂಬಾಸಿಡರ್ ಇದೆ. ಅದರ ನಂಬರು ಆರಂಭವಾಗುವುದೇ ಕೆ.ಎಲ್.ಸಿ. ಎಂಬ ಅಕ್ಷರಗಳಿಂದ. ಅಂದರೆ ಕಾಸರಗೋಡು ಇನ್ನೂ ಕಣ್ಣೂರು ಜಿಲ್ಲೆಯೊಳಗಿದ್ದ ಕಾಲದ್ದು. 1984ರ ಮೇ 24ರಂದು ನಮ್ಮ ಜಿಲ್ಲೆ ಹುಟ್ಟಿದಾಗ ಈ ಕಾರಿಗೆ ಹತ್ತು ವರ್ಷ ತುಂಬಿತ್ತು. ಮಾಸ್ಟ್ರ ತಂದೆಯವರು ಕೊಂಡ ಕಾರು. ಮೂಲದ 1489 ಸಿ.ಸಿ. ಎಂಜಿನ್ ಹಲವು ಬಾರಿ ಬಿಚ್ಚಿ ಜೋಡಿಸಿದ ಮೇಲೆ ಸೋತುಹೋಗಿತ್ತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅವರ ಮಗ ಒಂದು ಉಪಾಯ ಸೂಚಿಸಿದ. ಇದೇ ಅಂಬಾಸಿಡರಿಗೆ 1990ರ ದಶಕದ ಆದಿಯಲ್ಲಿ ಇಸುಜು ಮಾದರಿಯ 1817 ಸಿ.ಸಿ. ಎಂಜಿನ್ ಬಂದಿತ್ತಷ್ಟೆ, ಮುಂದೆ ಅದಕ್ಕೇ ಕಾರ್ಬುರೇಟರಿನ ಬದಲು ಇಂಜೆಕ್ಷನ್ ಅಳವಡಿಸಿದರು. ಅಂಥ ಒಂದು ಎಂಜಿನ್ ಸಿಕ್ಕಿತು. ದೂರದ ಒಂದು ಗ್ಯಾರೇಜಿನಲ್ಲಿ ಅದನ್ನು ಕೂರಿಸಿಯೂ ಆಯಿತು.

ದಾರಿಯಲ್ಲಿ ನಡೆದದ್ದು

ಸುಳ್ಯದಲ್ಲೊಂದು ಮದುವೆ. ಮಾಸ್ಟ್ರ ಕಾರಿನಲ್ಲಿ ನಾವೂ ಇದ್ದೆವು. ಇಬ್ಬರು ಮಕ್ಕಳು ಸೇರಿ ಒಟ್ಟು ಆರು ಮಂದಿ. ಚೆರ್ಕಳದಿಂದ ಮುಳ್ಳೇರಿಯದ ವರೆಗೆ ಕಾರು ಹೂವಿನಂತೆ ಓಡಿತು. ಹಿಂದಿನಿಂದ ಮಾತ್ರ ಜೀರುಂಡೆ ಕೂಗಿದಂತೆ ಒಂದು ಸದ್ದು. ಆದೂರು ಕಳೆದು ತಿರುವುಗಳು ಬಂದಾಗ ಎಂಜಿನ್ ಎರಡು ಮೂರು ಬಾರಿ ಉಸಿರು ಕಟ್ಟಿದಂತೆ ತಡವರಿಸಿತು. ಟಾಂಕಿಯಲ್ಲಿ ಪೆಟ್ರೋಲು ಕಾಲು ಭಾಗಕ್ಕಿಂತ ಕಡಿಮೆಯಿತ್ತು. ಸ್ವಲ್ಪ ಮುಂದೆ ಹೋಗುವಷ್ಟರಲ್ಲಿ ಮಾಸ್ಟ್ರ ಪತ್ನಿ, "ಪೆಟ್ರೋಲಿನ ವಾಸನೆ ಬರುತ್ತದಲ್ಲ?" ಎಂದರು. ಮಗ ಕಾರನ್ನು ಬದಿಗೆ ನಿಲ್ಲಿಸಿ ಕೀಲಿ ತಿರುಗಿಸಿ, ಬಾನೆಟ್ ಎತ್ತಿದ. ಎಂಜಿನ್ನಿಗೆ ಪೆಟ್ರೋಲು ಕೊಡುವ ರಬ್ಬರ್ ಕೊಳವೆ ಕ್ಲಿಪ್ಪಿನ ಬುಡದಲ್ಲಿ ಸೀಳಿತ್ತು. ಸುತ್ತಲೂ ಮಂಜು ಬಿದ್ದಂತೆ ಪೆಟ್ರೋಲಿನ ಪಸೆ. ಹೊಗೆ ಕೊಳವೆ ಕೈಯಿಡಲಾಗದಷ್ಟು ಕಾದು, ಅಲ್ಲಿಂದ ಗೇಣು ದೂರದಲ್ಲಿತ್ತು.

ಮಕ್ಕಳನ್ನು ಮೊದಲು ಇಳಿಸಿ ದೂರ ಕರೆದೊಯ್ದೆವು. ಆ ದಿನ ಯಾರಿಗೂ ಏನೂ ಆಗಲಿಲ್ಲ. ನಾವೆಲ್ಲ ಬಸ್ಸು ಹತ್ತಿ ಮದುವೆ ಮನೆಗೆ ತಲುಪಿದೆವು. ಆದರೆ ಊಟದ ಎಲೆಯ ಮುಂದೆ ಕುಳಿತ ಮಾಸ್ಟ್ರು ಒಂದು ತುತ್ತನ್ನೂ ನೆಮ್ಮದಿಯಿಂದ ಉಣ್ಣಲಿಲ್ಲವೆಂಬುದನ್ನು ನಾವು ಬಲ್ಲೆವು.

ಅನಂತರ ಕಾರನ್ನು ಕಟ್ಟಿ ಎಳೆದು ತಂದದ್ದು ಬದಿಯಡ್ಕ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕರಲ್ಲಿಗೆ. ಅವರು ಟಾರ್ಚು ಹಿಡಿದು ಕಾರಿನಡಿ ಮಲಗಿ, ಡಿಕ್ಕಿಯಿಂದ ಬಾನೆಟ್ಟಿನ ವರೆಗೆ ನೋಡಿ ಎದ್ದು ಬಂದು ಹೇಳಿದ ಮಾತು ಇಷ್ಟೆ: "ಮಾಸ್ಟ್ರೇ, ಎಂಜಿನ್ ಹೊಸ ಕಾಲದ್ದು ತಂದಿದ್ದೀರಿ. ಆದರೆ ಮದ್ದು ಬಿಡುವ ಪಂಪಿನ ನೀರನ್ನು ಅಡಕೆ ದಂಬೆಯಲ್ಲಿ ಹಾಯಿಸಿದ್ದಾರೆ."

ದಂಬೆಯೂ ಪಂಪೂ

ತೋಟವಿರುವ ನಮ್ಮ ಓದುಗರಿಗೆ ಇದಕ್ಕಿಂತ ಸ್ಪಷ್ಟವಾದ ವಿವರಣೆ ಬೇಕಾಗದು. ಸುರಂಗದ ನೀರು ದಂಬೆಯಲ್ಲಿ ತನ್ನಷ್ಟಕ್ಕೆ ಹರಿದು ಬರುತ್ತದೆ. ದಂಬೆಯಲ್ಲೊಂದು ಬಿರುಕಿದ್ದರೆ ನಾಲ್ಕು ಹನಿ ಸೋರುತ್ತದೆ, ಅಷ್ಟೆ. ಅದೇ ಬೋರ್ಡೋ ದ್ರಾವಣ ಬಿಡುವ ಪಂಪಿನ ಪೈಪಿನಲ್ಲಿ ಸೂಜಿಮೊನೆಯಷ್ಟು ತೂತಾದರೂ ಸಾಕು, ಮದ್ದು ಅಂಗಳವಿಡೀ ಚಿಮ್ಮುತ್ತದೆ.

ಕಾರ್ಬುರೇಟರಿನ ಕಾರುಗಳದ್ದು ದಂಬೆಯ ಪದ್ಧತಿ. ಎಂಜಿನ್ನಿನ ಬದಿಗೆ ಬಿಗಿದ ಪುಟ್ಟದೊಂದು ಡಯಾಫ್ರಾಮ್ ಪಂಪು ಹಿಂದಿನ ಟಾಂಕಿಯಿಂದ ಪೆಟ್ರೋಲನ್ನು ಹೀರಿ, ಚದರ ಇಂಚಿಗೆ ಎರಡು ಮೂರು ಪೌಂಡು ಒತ್ತಡದಲ್ಲಿ ಕಾರ್ಬುರೇಟರಿಗೆ ತುಂಬಿಸುತ್ತದೆ. ಟಾಂಕಿಯಿಂದ ಪಂಪಿನ ವರೆಗೆ ಪೈಪಿನಲ್ಲಿ ಇರುವುದು ಒತ್ತಡವಲ್ಲ, ಹೀರುವಿಕೆ. ಎಂಜಿನ್ ನಿಂತರೆ ಪಂಪೂ ನಿಲ್ಲುತ್ತದೆ.

ಇಂಜೆಕ್ಷನ್ ಎಂಜಿನ್ನಿನ ಸಂಗತಿಯೇ ಬೇರೆ. ಪೆಟ್ರೋಲನ್ನು ಅದು ಕೂದಲೆಳೆಯಂಥ ರಂಧ್ರಗಳಿಂದ ಸಿಂಪಡಿಸಬೇಕು. ಅದಕ್ಕಾಗಿ ವಿದ್ಯುತ್ ಪಂಪೊಂದು ಪೆಟ್ರೋಲನ್ನು ಸಾಮಾನ್ಯವಾಗಿ 3 ಬಾರ್, ಎಂದರೆ ಚದರ ಇಂಚಿಗೆ ಸುಮಾರು 43 ಪೌಂಡು ಒತ್ತಡದಲ್ಲಿ ತಳ್ಳುತ್ತಿರುತ್ತದೆ. ಹಳೆಯ ಒತ್ತಡದ ಸುಮಾರು 14 ಪಟ್ಟು! ಅದೂ ಎಂಜಿನ್ನಿನ ಬಳಿ ಮಾತ್ರವಲ್ಲ, ಹಿಂಬದಿಯ ಪಂಪಿನಿಂದ ಮುಂದಿನ ತನಕ, ಮಂದಿ ಕುಳಿತಿರುವ ನೆಲದ ಅಡಿಯುದ್ದಕ್ಕೂ. ಸಣ್ಣ ಬಿರುಕಿನಿಂದ ಹೊರಬರುವುದು ಹನಿಯಲ್ಲ, ಗಾಳಿಯೊಡನೆ ಬೆರೆತು ಕಿಡಿಗಾಗಿ ಕಾದಿರುವ ಮಂಜು. ಎಂಜಿನ್ ಬದಲಿಸಿ ಪೆಟ್ರೋಲಿನ ದಾರಿಯನ್ನು ಹಾಗೆಯೇ ಬಿಡುವುದೆಂದರೆ ಬೆಂಕಿಯನ್ನು ಜತೆಗೆ ಕುಳ್ಳಿರಿಸಿಕೊಂಡಂತೆಯೇ ಸರಿ.

ಮೂರು ತೊಂದರೆ, ಮೂರು ಕಾರಣ

ನಾವು ದಾರಿಯಲ್ಲಿ ಕಂಡ ಮೂರು ಲಕ್ಷಣಗಳಿಗೂ ಮೆಕ್ಯಾನಿಕರು ಕಾರಣ ತೋರಿಸಿಕೊಟ್ಟರು.

ಮೊದಲನೆಯದು ಆ ಜೀರುಂಡೆಯ ಸದ್ದು. ವಿದ್ಯುತ್ ಪಂಪನ್ನು ಟಾಂಕಿಯ ತಳಕ್ಕಿಂತ ಮೇಲೆ ಡಿಕ್ಕಿಯೊಳಗೆ ಬಿಗಿದಿದ್ದರು. ಈ ಜಾತಿಯ ಪಂಪು ತಳ್ಳುವುದರಲ್ಲಿ ಭೀಮ, ಹೀರುವುದರಲ್ಲಿ ಬಡವ. ಪೆಟ್ರೋಲು ತಾನಾಗಿ ಇಳಿದು ಬರುವಂತೆ ಟಾಂಕಿಗಿಂತ ಕೆಳಗೆ ಇರಬೇಕು, ಇಲ್ಲವೇ ಟಾಂಕಿಯೊಳಗೇ ಮುಳುಗಿರಬೇಕು. ಮುಳುಗಿದ ಪಂಪಿಗೆ ಪೆಟ್ರೋಲೇ ತಂಪು ಕೊಡುತ್ತದೆ. ಸದ್ದೂ ಕಡಿಮೆ, ಬಾಳಿಕೆಯೂ ಹೆಚ್ಚು. ಹೊಸ ಕಾರುಗಳಲ್ಲಿ ಪಂಪನ್ನು ಟಾಂಕಿಯೊಳಗೆ ಇಡುವುದು ಇದಕ್ಕಾಗಿಯೇ. ಪೆಟ್ರೋಲಿನಲ್ಲಿ ವಿದ್ಯುತ್ ಯಂತ್ರ ಮುಳುಗಿಸಿದರೆ ಬೆಂಕಿ ಹಿಡಿಯದೇ ಎಂದು ಮಾಸ್ಟ್ರು ಕೇಳಿದರು. ಉರಿಯಲು ಗಾಳಿ ತಕ್ಕಷ್ಟು ಬೆರೆಯಬೇಕು, ಪೆಟ್ರೋಲಿನೊಳಗೆ ಅದಕ್ಕೆಡೆಯಿಲ್ಲ ಎಂಬುದು ಉತ್ತರ.

ಎರಡನೆಯದು ತಿರುವಿನಲ್ಲಿ ಎಂಜಿನ್ ತಡವರಿಸಿದ್ದು. ಪೆಟ್ರೋಲು ಕಡಿಮೆಯಿದ್ದಾಗ ತಿರುವಿನಲ್ಲೂ ಏರಿನಲ್ಲೂ ಅದು ಟಾಂಕಿಯ ಒಂದು ಮೂಲೆಗೆ ಸರಿಯುತ್ತದೆ. ಪಂಪಿನ ಬಾಯಿಗೆ ಗಾಳಿ ಸಿಗುತ್ತದೆ. ಕಾರ್ಬುರೇಟರಿನಲ್ಲಾದರೆ ತೇಲುಬೆಂಡಿನ ಪುಟ್ಟ ತೊಟ್ಟಿಯಲ್ಲಿ ಒಂದಿಷ್ಟು ಪೆಟ್ರೋಲು ಕೂಡಿಟ್ಟಿರುತ್ತದೆ. ಒಂದೆರಡು ಕ್ಷಣದ ಕೊರತೆ ಗೊತ್ತೇ ಆಗುವುದಿಲ್ಲ. ಇಂಜೆಕ್ಷನ್ನಿಗೆ ಆ ಉಳಿತಾಯವಿಲ್ಲ, ಅಂದಂದಿನ ಸಂಪಾದನೆ ಅಂದಂದಿಗೆ. ಗಾಳಿ ಬಂದೊಡನೆ ಎಂಜಿನ್ ಸೊರಗುತ್ತದೆ, ಪಂಪೂ ಬರಿದೇ ತಿರುಗಿ ಕಾಯುತ್ತದೆ. ಸಂಪಾಜೆ ಘಾಟಿಯ ತಿರುವಿನಲ್ಲಿ, ಹಿಂದೆ ಲಾರಿಯಿರುವಾಗ ಹೀಗಾದರೆ ಪರಿಣಾಮ ಊಹಿಸಬಹುದು. ಇದಕ್ಕೆ ಪರಿಹಾರವೆಂದರೆ ಟಾಂಕಿಯೊಳಗೆ ಪಂಪಿನ ಸುತ್ತ ತಗಡಿನ ಪುಟ್ಟ ಕೋಣೆ. ತಳದಲ್ಲಿ ಸಣ್ಣ ಕಿಂಡಿಗಳಿಂದ ಪೆಟ್ರೋಲು ಒಳಗೆ ಬರುತ್ತದೆ. ಕಾರು ವಾಲಿದಾಗ ಅಷ್ಟು ಬೇಗ ಹೊರಗೆ ಓಡದು. ಎಂಜಿನ್ನಿನಿಂದ ಮರಳುವ ಪೆಟ್ರೋಲನ್ನೂ ಇದೇ ಕೋಣೆಗೆ ಬಿಟ್ಟರೆ ಅದು ಸದಾ ತುಂಬಿರುತ್ತದೆ.

ಮೂರನೆಯದೇ ಆ ವಾಸನೆ. ಹಾಕಿದ್ದು ಕಾರ್ಬುರೇಟರಿಗೆಂದು ಮಾರುವ ಸಾಮಾನ್ಯ ಪೆಟ್ರೋಲ್ ಹೋಸು. ಅಂಥ ಹೋಸಿನ ಮೈಮೇಲೆ ಎಸ್.ಎ.ಇ. 30 ಆರ್7 ಎಂಬ ಗುರುತಿರುತ್ತದೆ. ಅದರ ತಾಳಿಕೆ ಚದರ ಇಂಚಿಗೆ 50 ಪೌಂಡಿನ ವರೆಗೆ. 43 ಪೌಂಡಿಗೆ ಇದು ಸಾಲದೇ ಎಂದು ಮಗ ವಾದಿಸಿದ. ಹೊಸತರಲ್ಲಿ ಸಾಕೆನಿಸೀತು, ಎಂಜಿನ್ನಿನ ಬಿಸಿಗೆ ಒಂದು ಬೇಸಿಗೆ ಕಳೆದ ಮೇಲೆ ಸಾಲದು. ಇಂಜೆಕ್ಷನ್ನಿಗೆ ಬೇಕಾದದ್ದು 100 ಪೌಂಡು ತಾಳುವ 30 ಆರ್9 ಗುರುತಿನ ಹೋಸು. ಟಾಂಕಿಯೊಳಗೆ ಮುಳುಗಿರುವ ತುಂಡಿಗೆ ಅದೂ ಆಗದು, ಅದರ ಹೊರಮೈ ಪೆಟ್ರೋಲಿನಲ್ಲಿ ಮುಳುಗಿ ಬಾಳುವಂಥದ್ದಲ್ಲ. ಅಲ್ಲಿಗೆ 30 ಆರ್10 ಎಂಬ ಬೇರೆಯೇ ಹೋಸು. ಬಿಗಿಯುವ ಕ್ಲಿಪ್ಪೂ ಮುಖ್ಯ. ನೀರಿನ ಪೈಪಿಗೆ ಹಾಕುವ ಸೀಳುಪಟ್ಟಿಯ ಕ್ಲಿಪ್ಪು ಬಿಗಿದಷ್ಟೂ ರಬ್ಬರನ್ನು ಕೊಯ್ಯುತ್ತದೆ. ಮಾಸ್ಟ್ರ ಕಾರಿನಲ್ಲಿ ಆದದ್ದು ಅದೇ. ಒಳಮೈ ನುಣುಪಾದ, ಅಂಚು ಮಡಿಸಿದ ಇಂಜೆಕ್ಷನ್ ಕ್ಲಿಪ್ಪೇ ಬೇಕು. ಹೋಸು ಜಾರದಂತೆ ಪೈಪಿನ ತುದಿಯಲ್ಲಿ ಉಬ್ಬು ಇರಬೇಕು.

ಹೊಸ ದಾರಿ ಹೇಗೆ ಮಾಡಿದರು?

ಮೊದಲು ಟಾಂಕಿಯನ್ನು ಇಳಿಸಿದರು. ಐವತ್ತು ವರ್ಷದ ಟಾಂಕಿಯೊಳಗೆ ಎಷ್ಟು ತುಕ್ಕಿರಬೇಡ! ಕಾರ್ಬುರೇಟರಿಗೆ ಕಸ ಸಿಕ್ಕಿದರೆ ಬಿಚ್ಚಿ ಊದಿ ಜೋಡಿಸಬಹುದು. ಇಂಜೆಕ್ಟರಿನ ರಂಧ್ರ ಕಟ್ಟಿಕೊಂಡರೆ ಅದು ರಸ್ತೆಬದಿಯ ಕೆಲಸವಲ್ಲ. ಟಾಂಕಿಯನ್ನು ತೊಳೆದು, ಸಣ್ಣ ಜಲ್ಲಿ ಹಾಕಿ ಕುಲುಕಿ ತುಕ್ಕು ಬಿಡಿಸಿ, ಮತ್ತೆ ತೊಳೆದರು.

ಇಲ್ಲಿ ಒಂದು ಎಚ್ಚರಿಕೆಯನ್ನು ನಾವು ಒತ್ತಿ ಹೇಳಲೇಬೇಕು. ಕೋಣೆ ಬೆಸೆಯಲೆಂದು ಟಾಂಕಿಗೆ ವೆಲ್ಡಿಂಗ್ ಮಾಡುವುದು ಎಲ್ಲರಿಗೂ ಹೇಳಿದ ಕೆಲಸವಲ್ಲ. ಪೆಟ್ರೋಲು ಖಾಲಿ ಮಾಡಿದ ಟಾಂಕಿ ತುಂಬಿದ ಟಾಂಕಿಗಿಂತಲೂ ಅಪಾಯಕಾರಿ. ಒಳಗೆ ಉಳಿದ ಆವಿ ಗಾಳಿಯೊಡನೆ ಬೆರೆತು ಬಾಂಬಿನಂತೆ ಸಿಡಿಯಬಲ್ಲುದು. ಬಿಸಿನೀರು ಸಾಬೂನುಗಳಿಂದ ಹಲವು ಬಾರಿ ತೊಳೆದು, ಆವಿ ಪೂರ್ತಿ ಹೋಯಿತೆಂದು ಖಚಿತಪಡಿಸಿಕೊಂಡು ಇಂಥದೇ ಕೆಲಸದಲ್ಲಿ ಪಳಗಿದವರು ಮಾತ್ರ ಇದಕ್ಕೆ ಕೈಹಾಕಬೇಕು. ನಮ್ಮ ಮೆಕ್ಯಾನಿಕರು ಮೂವತ್ತು ವರ್ಷ ಗ್ಯಾರೇಜು ನಡೆಸಿದವರಾದರೂ ಇದನ್ನು ತಾವು ಮಾಡದೆ ಬಲ್ಲವರಲ್ಲಿಗೆ ಕಳುಹಿಸಿದರು.

ಟಾಂಕಿಯ ಮುಚ್ಚಳ, ಉಸಿರುಕೊಳವೆಗಳನ್ನೂ ಅವರು ಮರೆಯಲಿಲ್ಲ. ಪೆಟ್ರೋಲು ಹೊರಹೋದಷ್ಟು ಗಾಳಿ ಒಳಬರಬೇಕು. ಮರಳಿ ಬರುವ ಪೆಟ್ರೋಲು ಬೆಚ್ಚಗಿರುವುದರಿಂದ ಆವಿಯೂ ಹೆಚ್ಚು, ಅದಕ್ಕೂ ದಾರಿ ಬೇಕು. ಆದರೆ ಕಾರು ಮಗುಚಿದರೆ ಪೆಟ್ರೋಲು ಅದೇ ದಾರಿಯಾಗಿ ಸುರಿಯಬಾರದು. ಆದ್ದರಿಂದ ಉಸಿರುಕೊಳವೆಗೆ ಮಗುಚಿದಾಗ ಮುಚ್ಚಿಕೊಳ್ಳುವ ಕವಾಟ ಹಾಕಿದರು.

ಹಳೆಯ ತಾಮ್ರದ ಪೈಪನ್ನು ಕಿತ್ತೆಸೆದರು. ತಾಮ್ರ ಅದುರಿ ಅದುರಿ ಗಡಸಾಗಿ ಬಿರುಕು ಬಿಡುತ್ತದೆ. ಅದರ ಬದಲು 8 ಮಿ.ಮೀ. ಉಕ್ಕಿನ ಪೈಪು ಎಳೆದರು. ಹೊಗೆ ಕೊಳವೆಯಿಂದ ದೂರವಾಗಿ, ನೆಲಕ್ಕೆ ತಾಗದಂತೆ ಚಾಸಿಯ ಒಳಬದಿಗೆ ಅಲ್ಲಲ್ಲಿ ಹಿಡಿಕೆ ಕೊಟ್ಟು ಬಿಗಿದರು. ಎಂಜಿನ್ ಅದುರುವ ಜಾಗಗಳಲ್ಲಿ ಮಾತ್ರ ಹೋಸಿನ ಚಿಕ್ಕ ತುಂಡುಗಳು. ಪಂಪಿನ ಬಾಯಿಗೆ ದೊಡ್ಡ ಕಸ ತಡೆಯುವ ಜಾಲರಿ. ಪಂಪು ದಾಟಿದ ಮೇಲೆ 10 ಮೈಕ್ರಾನಿನ ನಯವಾದ ಫಿಲ್ಟರು. ನಯವಾದದ್ದನ್ನು ಪಂಪಿನ ಮೊದಲು ಹಾಕಿದರೆ ಪಂಪಿನ ಕುತ್ತಿಗೆ ಹಿಸುಕಿದಂತಾಗುತ್ತದೆ.

ಎಂಜಿನ್ನಿನ ಬಳಿ ಒತ್ತಡವನ್ನು ಹದದಲ್ಲಿಡುವ ರೆಗ್ಯುಲೇಟರ್ ಇದೆ. ಬೇಕಾದಷ್ಟನ್ನು ಇಂಜೆಕ್ಟರುಗಳಿಗೆ ಬಿಟ್ಟು, ಮಿಕ್ಕಿದ್ದನ್ನು ಅದು ಟಾಂಕಿಗೆ ಮರಳಿಸುತ್ತದೆ. ಹಿಂದಿನ ಗ್ಯಾರೇಜಿನವರು ಮರಳುವ ದಾರಿಗೆ ಕಿರುಬೆರಳಿಗಿಂತ ಸಪೂರದ ಪೈಪು ಇಟ್ಟಿದ್ದರು. ಹೋಗಲು ದಾರಿ ಸಾಲದಿದ್ದರೆ ಒತ್ತಡ ಏರುತ್ತದೆ, ಎಂಜಿನ್ ಹೆಚ್ಚು ಪೆಟ್ರೋಲು ಕುಡಿಯುತ್ತದೆ. ಈಗ ಬರುವಷ್ಟೇ ಅಗಲದ ದಾರಿ ಮರಳಲೂ ಉಂಟು.

ಇನ್ನು ವಿದ್ಯುತ್ತಿನ ವಿಷಯ. ಮೊದಲಿದ್ದವರು ಕೀಲಿಯಿಂದ ನೇರ ಪಂಪಿಗೆ ತಂತಿ ಎಳೆದಿದ್ದರು. ಅಂದರೆ ಕಾರು ಎಲ್ಲಿಗಾದರೂ ಗುದ್ದಿ ಎಂಜಿನ್ ನಿಂತರೂ, ಕೀಲಿ ಹಾಕಿರುವ ತನಕ ಪಂಪು ಪೆಟ್ರೋಲು ಚಿಮ್ಮಿಸುತ್ತಲೇ ಇರುತ್ತದೆ! ಈಗ ಪಂಪಿಗೆ ಪ್ರತ್ಯೇಕ ಫ್ಯೂಸು, ರಿಲೇ. ರಿಲೇಯ ಲಗಾಮು ಎಂಜಿನ್ನಿನ ಕಂಪ್ಯೂಟರಿನ ಕೈಯಲ್ಲಿ: ಕೀಲಿ ತಿರುಗಿಸಿದಾಗ ಒಂದೆರಡು ಸೆಕೆಂಡು ಪಂಪು ಓಡುತ್ತದೆ, ಎಂಜಿನ್ ತಿರುಗದಿದ್ದರೆ ನಿಲ್ಲುತ್ತದೆ. ಜತೆಗೆ ಬಲವಾದ ಗುದ್ದಿಗೆ ತಾನಾಗಿ ಕಳಚಿಕೊಳ್ಳುವ ಒಂದು ಸ್ವಿಚ್ಚು. ಕಂಪ್ಯೂಟರು, ಪಂಪು, ಇಂಜೆಕ್ಟರುಗಳಿಗೆಲ್ಲ ಕುಂದದ ವಿದ್ಯುತ್ತು ಬೇಕಾದ್ದರಿಂದ ಹಳೆಯ ಡೈನಮೊ ಹೋಗಿ ಆಲ್ಟರ್ನೇಟರ್ ಬಂತು.

ಕೊನೆಗೆ ಪರೀಕ್ಷೆ. ಎಂಜಿನ್ ಸ್ಟಾರ್ಟ್ ಮಾಡದೆ ಪಂಪನ್ನು ಮಾತ್ರ ಓಡಿಸಿ, ಇಬ್ಬರು ಎರಡು ಬದಿಯಿಂದ ಒಂದೊಂದೇ ಜೋಡಣೆಯನ್ನು ಕೈಯಿಂದ ಸವರಿ ನೋಡಿದರು. ಪಕ್ಕದಲ್ಲಿ ಒಣ ಪುಡಿಯ ಅಗ್ನಿಶಾಮಕ ಸಿಲಿಂಡರು ಸಿದ್ಧವಾಗಿತ್ತು. ಅನಂತರ ಮಾಪಕ ಹಚ್ಚಿ ಎಂಜಿನ್ ಓಡಿಸಿದಾಗ 36 ಪೌಂಡು. ರೆಗ್ಯುಲೇಟರಿನ ಗಾಳಿಕೊಳವೆ ಕಳಚಿದಾಗ 43. ಹೀಗೆ ಏರಿದರೆ ರೆಗ್ಯುಲೇಟರ್ ಸರಿಯಿದೆಯೆಂದು ತಿಳಿಯಬೇಕು. ಓಡಲಾರಂಭಿಸಿ ನೂರು ಕಿಲೋಮೀಟರಾದ ಮೇಲೆ ಎಲ್ಲ ಕ್ಲಿಪ್ಪುಗಳನ್ನೂ ಮತ್ತೊಮ್ಮೆ ನೋಡತಕ್ಕದ್ದೆಂದು ಆಜ್ಞೆಯಾಗಿದೆ.

ಎಂಜಿನ್ ಬದಲಿಸದವರಿಗೂ

ಕಾರ್ಬುರೇಟರನ್ನೇ ಉಳಿಸಿಕೊಂಡವರು ಈ ತನಕ ಓದಿ ನಮಗೇನೆಂದು ಪತ್ರಿಕೆ ಮಡಚುವುದು ಬೇಡ. 2023ರ ಫೆಬ್ರವರಿಯಲ್ಲಿ ನಮ್ಮ ದೇಶದಲ್ಲಿ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟ ಆರಂಭವಾಯಿತು. 2025ರ ಹೊತ್ತಿಗೆ ದೇಶದಾದ್ಯಂತ ಬೆರಕೆ ಆ ಪ್ರಮಾಣ ಮುಟ್ಟಿತು. ಹಳೆಯ ಕಾಲದ ರಬ್ಬರ್ ಎಥನಾಲಿಗೆಂದು ಮಾಡಿದ್ದಲ್ಲ. ಊದಿಕೊಂಡು ಮೆತ್ತಗಾಗುತ್ತದೆ ಇಲ್ಲವೇ ಬಿರಿಯುತ್ತದೆ. ಎಥನಾಲ್ ನೀರನ್ನೂ ಸೆಳೆಯುತ್ತದೆ. ನಮ್ಮ ಮಳೆಗಾಲದ ತಿಂಗಳುಗಳಲ್ಲಿ ಓಡಿಸದೆ ನಿಲ್ಲಿಸಿದ ಕಾರಿನ ಟಾಂಕಿಯಲ್ಲಿ ಆ ನೀರು ತಳ ಸೇರಿ ತುಕ್ಕು ಹಿಡಿಸುತ್ತದೆ. ಆದ್ದರಿಂದ ಹಳೆಯ ಕಾರಿದ್ದವರೆಲ್ಲರೂ ಹೋಸು, ಪಂಪಿನ ಡಯಾಫ್ರಾಮುಗಳನ್ನು ಎಥನಾಲ್ ತಾಳುವಂಥವಕ್ಕೆ ಬದಲಿಸಿಕೊಳ್ಳುವುದು ಮೇಲು. ಖರ್ಚು ದೊಡ್ಡದಲ್ಲ.

ಕಾಗದದ ದಾರಿ

ಮಾಸ್ಟ್ರು ಇನ್ನೊಂದು ತಪ್ಪನ್ನೂ ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾರೆ. ಸುಳ್ಯಕ್ಕೆ ಹೊರಟ ಆ ದಿನ ಹೊಸ ಎಂಜಿನ್ನಿನ ಸಂಖ್ಯೆ ಆರ್.ಸಿ.ಯಲ್ಲಿ ದಾಖಲಾಗಿರಲಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಎಂಜಿನ್ ಬದಲಾವಣೆಗೆ ನೋಂದಣಿ ಅಧಿಕಾರಿಯ ಒಪ್ಪಿಗೆ ಬೇಕು. ನಮ್ಮ ಕೇರಳದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಈ ಕಲಮನ್ನು ಬಿಗಿಯಾಗಿಯೇ ಎತ್ತಿಹಿಡಿದಿದೆ. ದಾಖಲಾಗದ ಎಂಜಿನ್ನಿನ ಕಾರು ಅಪಘಾತಕ್ಕೀಡಾದರೆ ವಿಮೆಯ ವಿಷಯದಲ್ಲೂ ತಕರಾರು ಏಳಬಹುದು.

ಇನ್ನೂ ಒಂದುಂಟು. 50 ವರ್ಷ ಮೀರಿದ, ಮೂಲರೂಪದಲ್ಲೇ ಇರುವ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸುವ ನಿಯಮ 2021ರಲ್ಲಿ ಬಂದಿದೆ. 1974ರ ಈ ಕಾರು ಆ ವಯಸ್ಸು ಮುಟ್ಟಿದೆ; ಎಂಜಿನ್ ಬದಲಿಸಿದ ಮೇಲೆ ಆ ಗೌರವಕ್ಕೆ ಎರವಾಗುತ್ತದೆ. ಆದರೆ ವಿಂಟೇಜ್ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ. "ಪ್ರದರ್ಶನಕ್ಕೆ ನಿಲ್ಲಿಸುವುದಕ್ಕೆ ಅಪ್ಪ ಇದನ್ನು ಕೊಂಡದ್ದಲ್ಲ" ಎಂಬುದು ಮಾಸ್ಟ್ರ ನಿಲುವು. ಆದರೂ ಹಳೆಯ ಎಂಜಿನ್ನನ್ನು ಅವರು ಗುಜರಿಗೆ ಹಾಕಿಲ್ಲ. ಎಣ್ಣೆ ಸವರಿ, ಗೋಣಿ ಹೊದಿಸಿ ಅಡಕೆ ಕೊಟ್ಟಿಗೆಯ ಮೂಲೆಯಲ್ಲಿಟ್ಟಿದ್ದಾರೆ. ಒಪ್ಪಿಗೆ ಸಿಗದಿದ್ದರೆ ಅದನ್ನೇ ಸರಿಪಡಿಸಿ ಮತ್ತೆ ಕೂರಿಸುವುದೆಂದು ನಿಶ್ಚಯ.

ಅರ್ಜಿ ಕಚೇರಿಯಲ್ಲಿದೆ. ಕಾರು ಇಳಿಮಾಡಿನಡಿ ನಿಂತಿದೆ. ವಾರಕ್ಕೊಮ್ಮೆ ಅಂಗಳದಲ್ಲೇ ಎಂಜಿನ್ ಓಡಿಸಿ, ಟಾರ್ಚು ಹಿಡಿದು ಪೈಪುಗಳನ್ನು ನೋಡುವುದು ಮಾಸ್ಟ್ರ ಈಗಿನ ವ್ರತ. ಮೊನ್ನೆ ನಾವು ಹೋಗಿದ್ದಾಗ ಮೊಮ್ಮಗಳು ಬಾಗಿಲು ತೆರೆದು ಹಿಂದಿನ ಸೀಟಿನಲ್ಲಿ ಕುಳಿತು, "ಅಜ್ಜ, ಯಾವಾಗ ಹೋಗುವುದು?" ಎಂದು ಕೇಳಿದಳು. "ಕಾಗದ ಬರಲಿ ಮಗಾ" ಎಂದರು ಮಾಸ್ಟ್ರು.

ಹೊಸ ಎಂಜಿನ್ ಕೂರಿಸಬೇಕೆಂಬ ಆಸೆ ಇರುವವರಿಗೆ ನಾವು ಹೇಳುವುದೂ ಇದೇ ಕ್ರಮವನ್ನು. ಮೊದಲು ಕಾಗದ, ಆಮೇಲೆ ಟಾಂಕಿ ಮತ್ತು ಪೈಪು, ಎಂಜಿನ್ ಎಲ್ಲಕ್ಕಿಂತ ಕೊನೆಗೆ. ಮಾಸ್ಟ್ರು ಈ ಕ್ರಮವನ್ನು ತಲೆಕೆಳಗಾಗಿ ಕಲಿತರು. ಆದೂರಿನಾಚೆ ಆ ದಿನ ಅದೃಷ್ಟ ನಮ್ಮೆಲ್ಲರ ಕಡೆಗಿತ್ತು.